ಕಣಕಾಲಿನ ನೋವಿಗೆ ಟೇಪ್ ಹಚ್ಚಿಕೊಂಡು 1600 ಮೀಟರ್ ಓಡಬಹುದಾ?

ನೀವು ಕೇಳಿದ್ದು ಇಷ್ಟು. ಊರು ಗಂಗಾವತಿ. ಪೊಲೀಸ್ ಕಾನ್‌ಸ್ಟೇಬಲ್ ಫಿಸಿಕಲ್‌ಗೆ ಓಟ ಶುರು ಮಾಡಿ ತಿಂಗಳಾಗಿದೆ. ದಿನಾ ಬೆಳಿಗ್ಗೆ ನಾಲೆ ಪಕ್ಕದ ಡಾಂಬರು ರಸ್ತೆಯಲ್ಲಿ ಓಟ, ಭಾನುವಾರ ಅಂಜನಾದ್ರಿ ಮೆಟ್ಟಿಲು. ಈಗ ಎರಡೂ ಕಣಕಾಲಿನ ಒಳಬದಿ ಎಲುಬು ನೋಯುತ್ತಿದೆ, ಗೆಳೆಯರು ಶಿನ್ ಸ್ಪ್ಲಿಂಟ್ ಅಂದಿದ್ದಾರೆ. ಆಟಗಾರರು ಹಚ್ಚಿಕೊಳ್ಳುವ ಹಿಗ್ಗುವ ಬಣ್ಣದ ಟೇಪ್, ಅಂದರೆ ಕಿನೀಸಿಯಾಲಜಿ ಟೇಪ್ ಹಚ್ಚಿದರೆ ವಾಸಿಯಾಗುತ್ತಾ, ಓಟ ಬಿಡದೆ ಮುಂದುವರಿಸಬಹುದಾ ಅಂತ ನಿಮ್ಮ ಪ್ರಶ್ನೆ.

ಟೇಪಿನಿಂದ ನೋವು ಸ್ವಲ್ಪ ಕಡಿಮೆ ಅನ್ನಿಸಬಹುದು, ಆದರೆ ವಾಸಿಯಾಗುವುದಿಲ್ಲ. ಓಟವನ್ನು ಪೂರ್ತಿ ಬಿಡಬೇಕಾಗಿಲ್ಲ, ಆದರೆ ಈಗ ಓಡುತ್ತಿರುವಷ್ಟು ಓಡುವಂತಿಲ್ಲ. ಈ ಎರಡನೆಯ ಮಾತು ಯಾರಿಗೂ ಇಷ್ಟವಾಗುವುದಿಲ್ಲ, ಗೊತ್ತು.

ನಾನು ಬಳ್ಳಾರಿಯಲ್ಲಿ ಫಿಸಿಯೋಥೆರಪಿಸ್ಟ್. ಭರ್ತಿ ಕರೆದಾಗಲೆಲ್ಲ ನಮ್ಮ ಕ್ಲಿನಿಕ್ಕಿನ ಬೆಂಚಿನ ಮೇಲೆ ನಿಮ್ಮಂಥವರೇ ಜಾಸ್ತಿ. ಸಿರುಗುಪ್ಪ, ಕಂಪ್ಲಿ, ಸಂಡೂರು ಕಡೆಯಿಂದ ಬರುತ್ತಾರೆ. ಎಲ್ಲರ ಕಥೆಯೂ ಹೆಚ್ಚುಕಡಿಮೆ ಒಂದೇ: ಪಿಯುಸಿ, ಡಿಗ್ರಿ ಮುಗಿಯುವ ತನಕ ಓಡಿದವರಲ್ಲ, ಅರ್ಜಿ ಹಾಕಿದ ಮರುದಿನದಿಂದ ದಿನವೂ ಓಟ. ಮೂರನೇ ವಾರವೋ ನಾಲ್ಕನೇ ವಾರವೋ ಎಲುಬು ಮಾತಾಡಲು ಶುರು ಮಾಡುತ್ತದೆ.

ಯಾಕೆ ಸರಿಯಾಗಿ ಆ ಹೊತ್ತಿಗೇ? ಇದು ತಿಳಿದರೆ ಟೇಪಿನ ಮಿತಿ ತಾನಾಗಿಯೇ ತಿಳಿಯುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ಬರುವ ಪೆಟ್ಟು ದೇಹದ ತೂಕದ ಎರಡರಿಂದ ಮೂರು ಪಟ್ಟು ಇರುತ್ತದೆ. 1600 ಮೀಟರಿಗೆ ಅಂಥ ಹೆಜ್ಜೆಗಳು ಸಾವಿರಕ್ಕೂ ಜಾಸ್ತಿ. ಕಣಕಾಲಿನ ದೊಡ್ಡ ಎಲುಬು, ಅಂದರೆ ಟಿಬಿಯಾ, ಆ ಪೆಟ್ಟಿಗೆ ಒಂಚೂರು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಮೀನಖಂಡದ ಸ್ನಾಯುಗಳು ಅದರ ಒಳಅಂಚನ್ನು ಎಳೆಯುತ್ತಿರುತ್ತವೆ. ಹೊಸ ಭಾರ ಬಿದ್ದಾಗ ಎಲುಬು ತನ್ನನ್ನು ತಾನು ಗಟ್ಟಿ ಮಾಡಿಕೊಳ್ಳುತ್ತದೆ. ಆದರೆ ಅದಕ್ಕೆ ಮೊದಲು ಹಳೆಯದನ್ನು ಕೆರೆದು ತೆಗೆಯುತ್ತದೆ. ಕೆರೆಯುವ ಕೆಲಸಕ್ಕೆ ಕೆಲವೇ ವಾರ ಸಾಕು, ತುಂಬುವ ಕೆಲಸಕ್ಕೆ ತಿಂಗಳುಗಳು ಬೇಕು. ತೋರಣಗಲ್ಲು ಕಡೆ ರಸ್ತೆ ಅಗೆದು ಬಿಟ್ಟಿರುತ್ತಾರಲ್ವಾ, ಹೊಸ ಡಾಂಬರು ಬೀಳುವ ಮೊದಲೇ ಅದಿರಿನ ಲಾರಿಗಳು ಓಡಾಡಿದರೆ ಏನಾಗುತ್ತದೆ? ನಿಮ್ಮ ಎಲುಬು ಈಗ ಆ ಸ್ಥಿತಿಯಲ್ಲಿದೆ. ವೈದ್ಯರು ಇದಕ್ಕೆ ಮೀಡಿಯಲ್ ಟಿಬಿಯಲ್ ಸ್ಟ್ರೆಸ್ ಸಿಂಡ್ರೋಮ್ ಅನ್ನುತ್ತಾರೆ. ಶಿನ್ ಸ್ಪ್ಲಿಂಟ್ ಅನ್ನುವುದು ಮೈದಾನದ ಹೆಸರು.

ಟೇಪಿನ ಸುರುಳಿ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಕುರ್ಚಿಯಲ್ಲಿ ಕುಳಿತು, ಹೆಬ್ಬೆರಳಿನಿಂದ ಎಲುಬಿನ ಒಳಅಂಚನ್ನು ಕಾಲಿನ ಗಿಣ್ಣಿನಿಂದ ಮೇಲಕ್ಕೆ ಒತ್ತುತ್ತಾ ಬನ್ನಿ. ನಾಲ್ಕು ಬೆರಳಿನಷ್ಟೋ ಒಂದು ಗೇಣಿನಷ್ಟೋ ಉದ್ದಕ್ಕೆ ಹರಡಿಕೊಂಡು ನೋವಿದ್ದರೆ, ಓಟದ ಶುರುವಿನಲ್ಲಿ ನೋವಿದ್ದು ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತಿದ್ದರೆ, ಅದು ಶಿನ್ ಸ್ಪ್ಲಿಂಟ್ ಇರುವ ಸಾಧ್ಯತೆ ಜಾಸ್ತಿ. ಒಂದೇ ಬೆರಳ ತುದಿಯಿಂದ ತೋರಿಸಬಹುದಾದ ಜಾಗದಲ್ಲಿ ಚುಚ್ಚುವ ನೋವಿದ್ದರೆ, ಒಂಟಿ ಕಾಲಲ್ಲಿ ಕುಪ್ಪಳಿಸಿದಾಗ ಜೀವ ಹೋದಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಅಲ್ಲಿಗೆ ಟೇಪಿನ ಮಾತು ಮುಗಿಯಿತು. ಅದು ಎಲುಬಿನಲ್ಲಿ ಬಿರುಕು ಬಿಟ್ಟಿರುವ ಲಕ್ಷಣ, ಸ್ಟ್ರೆಸ್ ಫ್ರಾಕ್ಚರ್. ಓಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆ ನಿಮಗೆ ಹತ್ತಿರ. ಒಂದು ಮಾತು ನೆನಪಿರಲಿ: ಮೊದಲ ಎರಡು ಮೂರು ವಾರ ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಎಕ್ಸ್‌ರೇ ನಾರ್ಮಲ್ ಬಂತು ಅಂತ ಮರುದಿನವೇ ಓಡಬೇಡಿ. ಅನುಮಾನ ಗಟ್ಟಿಯಾಗಿದ್ದರೆ ಎಂಆರ್‌ಐ ಬೇಕಾಗುತ್ತದೆ.

ಇನ್ನೊಂದು ಥರದ ನೋವಿದೆ. ಓಡುತ್ತಾ ಓಡುತ್ತಾ ಮೀನಖಂಡ ಕಲ್ಲಿನಂತೆ ಬಿಗಿಯುವುದು, ಪಾದ ಜುಮ್ಮೆನ್ನುವುದು, ಮುಂಪಾದ ಎತ್ತಲು ಆಗದೆ ಪಟಪಟ ಬಡಿಯುವುದು, ನಿಂತ ಸ್ವಲ್ಪ ಹೊತ್ತಿಗೆ ಎಲ್ಲಾ ಸರಿಹೋಗುವುದು. ಅದೂ ಡಾಕ್ಟರಿಗೇ ಹೋಗಬೇಕಾದದ್ದು.

ಓದುತ್ತಿರುವವರಲ್ಲಿ ಹುಡುಗಿಯರಿದ್ದರೆ ಅವರಿಗೊಂದು ಮಾತು. ನಿಮ್ಮ ಓಟ 400 ಮೀಟರ್ ಮಾತ್ರ, ಆದರೂ ಈ ನೋವು ಹೆಂಗಸರಿಗೇ ಜಾಸ್ತಿ ಬರುತ್ತದೆ. ತೂಕ ಇಳಿಸಲೆಂದು ಊಟ ಬಿಟ್ಟು ಓಡುತ್ತಿದ್ದು, ಮುಟ್ಟು ತಪ್ಪುತ್ತಿದ್ದರೆ, ಎಲುಬಿಗೆ ಬೇಕಾದದ್ದು ಸಿಗುತ್ತಿಲ್ಲ ಅಂತ ಅರ್ಥ. ಅದನ್ನು ಡಾಕ್ಟರ ಹತ್ತಿರ ನಾಚದೆ ಹೇಳಿ. ರೊಟ್ಟಿ, ಬೇಳೆ, ಮೊಸರು ಬಿಟ್ಟು ಯಾವ ಎಲುಬೂ ಗಟ್ಟಿಯಾಗುವುದಿಲ್ಲ.

ಈಗ ಟೇಪಿಗೆ ಬರೋಣ. ಇದನ್ನು ತಂದವರು ಜಪಾನಿನ ಕೆಂಜೊ ಕಾಸೆ, 1970ರ ದಶಕದಲ್ಲಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಟಗಾರರ ಮೈಮೇಲೆ ಕಂಡ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಹತ್ತಿ ಬಟ್ಟೆ, ಹಿಂದೆ ಅಕ್ರಿಲಿಕ್ ಗೋಂದು, ಔಷಧಿ ಏನೂ ಇಲ್ಲ. ಚರ್ಮವನ್ನು ಎತ್ತಿ ರಕ್ತ ಹರಿಯುವಂತೆ ಮಾಡುತ್ತದೆ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ನಂಬುವಂಥ ವಿವರಣೆ ಇನ್ನೂ ಸರಳ: ಚರ್ಮದ ಮೇಲೆ ಏನೋ ಎಳೆಯುತ್ತಿದೆ ಅನ್ನುವ ಸುದ್ದಿ ಮಿದುಳಿಗೆ ಹೋಗುತ್ತಿರುತ್ತದೆ, ಅದರ ಗದ್ದಲದಲ್ಲಿ ನೋವಿನ ಸುದ್ದಿ ಸ್ವಲ್ಪ ಮಂಕಾಗುತ್ತದೆ. ಪೆಟ್ಟು ಬಿದ್ದ ಜಾಗವನ್ನು ನಾವು ಕೈಯಿಂದ ಉಜ್ಜಿಕೊಳ್ಳುವುದೂ ಇದಕ್ಕೇ. ಎಲುಬಿನ ಮೇಲೆ ಬೀಳುವ ಭಾರಕ್ಕೆ ಟೇಪ್ ಏನೂ ಮಾಡುವುದಿಲ್ಲ. ಹಾಗಂತ ಟೇಪ್ ಸುಳ್ಳು ಅಂತಲೂ ನಾನು ಹೇಳುವುದಿಲ್ಲ. ನೋವು ಕಡಿಮೆಯಾದರೆ ವ್ಯಾಯಾಮ ಮಾಡಲು ಧೈರ್ಯ ಬರುತ್ತದೆ, ಕುಂಟುವುದು ತಪ್ಪುತ್ತದೆ. ಅಷ್ಟಕ್ಕೆ ನಾನೂ ಹಚ್ಚುತ್ತೇನೆ. ನೀಲಿಗೆ ಒಂದು ಗುಣ, ಗುಲಾಬಿಗೆ ಇನ್ನೊಂದು ಗುಣ ಅನ್ನುವುದು ಮಾತ್ರ ಸುಮ್ನೆ ಮಾತು. ಸಿಕ್ಕ ಬಣ್ಣ ತಗೊಳ್ಳಿ.

ಹಚ್ಚುವ ಕ್ರಮ ಹೀಗೆ. 5 ಸೆಂಟಿಮೀಟರ್ ಅಗಲದ ಸುರುಳಿ ಸಾಕು. ಕಾಲನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಎಣ್ಣೆ, ನೋವಿನ ಮುಲಾಮು ಏನೂ ಇರಬಾರದು. ನಮ್ಮ ಕಡೆ ನೋವು ಅಂದ ಕೂಡಲೇ ಮನೆಯಲ್ಲಿ ಎಣ್ಣೆ ತಿಕ್ಕಿರುತ್ತಾರೆ, ಅದರ ಮೇಲೆ ಹಚ್ಚಿ ಟೇಪ್ ನಿಲ್ಲುವುದಿಲ್ಲ ಅಂತ ಗೋಂದಿಗೆ ಬೈಯುತ್ತಾರೆ. ಕೂದಲು ಜಾಸ್ತಿಯಿದ್ದರೆ ಕತ್ತರಿಯಿಂದ ಚಿಕ್ಕದು ಮಾಡಿ. ಬ್ಲೇಡ್ ಹಾಕುವುದಾದರೆ ಹಿಂದಿನ ದಿನವೇ ಹಾಕಿ, ಹೊಸ ಗೀರಿನ ಮೇಲೆ ಗೋಂದು ಉರಿಯುತ್ತದೆ. ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿ, ಇಲ್ಲದಿದ್ದರೆ ಪ್ಯಾಂಟಿಗೆ ಸಿಕ್ಕಿ ಏಳುತ್ತದೆ.

ಮೊದಲ ಪಟ್ಟಿ ಉದ್ದದ್ದು. ಕುಳಿತು ಕಾಲು ಚಾಚಿ ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಪಟ್ಟಿಯ ಒಂದು ತುದಿಯನ್ನು ಅಂಗಾಲಿನ ಕಮಾನಿನ ಕೆಳಗೆ ಅಂಟಿಸಿ. ಈ ತುದಿಯ ಮೂರು ಬೆರಳಷ್ಟು ಭಾಗಕ್ಕೆ ಎಳೆತ ಬೇಡವೇ ಬೇಡ. ಅಲ್ಲಿಂದ ಒಳಬದಿಯ ಗಿಣ್ಣಿನ ಹಿಂದೆ ಹಾಯಿಸಿ, ನೋಯುವ ಅಂಚಿನ ಗುಂಟ ಮೇಲಕ್ಕೆ ತನ್ನಿ. ಎಳೆತ ಸ್ವಲ್ಪ ಇರಲಿ: ಪೂರ್ತಿ ಎಳೆದರೆ ಎಷ್ಟು ಬರುತ್ತದೋ ಅದರ ಕಾಲು ಭಾಗ. ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ ಮತ್ತೆ ಎಳೆತವಿಲ್ಲದೆ ಮುಗಿಸಿ. ಎರಡನೆಯದು ಒಂದು ಗೇಣಿಗಿಂತ ಚಿಕ್ಕ ಪಟ್ಟಿ. ಹಿಂಬದಿಯ ಕಾಗದವನ್ನು ನಡುವೆ ಹರಿದು, ನಡುಭಾಗವನ್ನು ಅರ್ಧದಷ್ಟು ಎಳೆದು, ಜಾಸ್ತಿ ನೋಯುವ ಜಾಗದ ಮೇಲೆ ಅಡ್ಡಕ್ಕೆ ಒತ್ತಿ. ತುದಿಗಳನ್ನು ಸುಮ್ನೆ ಮಲಗಿಸಿ. ಕಾಲಿನ ಸುತ್ತ ಬಳೆಯಂತೆ ಪೂರ್ತಿ ಸುತ್ತಬೇಡಿ. ಆಮೇಲೆ ಅಂಗೈಯಿಂದ ಚೆನ್ನಾಗಿ ಉಜ್ಜಿ, ಬಿಸಿಗೆ ಗೋಂದು ಹಿಡಿಯುತ್ತದೆ.

ಜಾಸ್ತಿ ಎಳೆದರೆ ಜಾಸ್ತಿ ಗುಣ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೆ ಎಳೆದವರಿಗೆ ತುದಿಗಳಲ್ಲಿ ಬೊಬ್ಬೆ ಏಳುತ್ತದೆ. ತುರಿಕೆ, ಉರಿ, ಬೆರಳು ಮರಗಟ್ಟುವುದು ಇದ್ದರೆ ಕೂಡಲೇ ತೆಗೆಯಿರಿ. ಗಾಯದ ಮೇಲೆ ಹಚ್ಚಬೇಡಿ.

ನಮ್ಮ ಬಿಸಿಲಿನಲ್ಲಿ ಟೇಪಿನ ದೊಡ್ಡ ಶತ್ರು ಬೆವರು. ಡಬ್ಬದ ಮೇಲೆ ಮೂರರಿಂದ ಐದು ದಿನ ಅಂತ ಇರುತ್ತದೆ. ಏಪ್ರಿಲ್, ಮೇ ತಿಂಗಳ ಬಳ್ಳಾರಿ, ರಾಯಚೂರು ಸೆಕೆಗೆ ಅಷ್ಟು ಬಾಳುವುದು ಕಷ್ಟ. ಓಡಲು ಹೊರಡುವ ಹೊತ್ತಿಗೆ ಹಚ್ಚಬೇಡಿ, ಕನಿಷ್ಠ ಅರ್ಧ ಗಂಟೆ ಮುಂಚೆ ಹಚ್ಚಬೇಕು. ಐದು ಗಂಟೆಗೆ ಓಡುವವರಾದರೆ ಹಿಂದಿನ ಸಂಜೆ ಸ್ನಾನ ಮಾಡಿ ಫ್ಯಾನ್ ಕೆಳಗೆ ಕುಳಿತು ಹಚ್ಚಿಕೊಳ್ಳುವುದೇ ಒಳ್ಳೆಯದು. ತೆಗೆಯುವಾಗ ಮೇಲೆ ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ. ಕೂದಲು ಬೆಳೆದ ದಿಕ್ಕಿಗೆ, ಚರ್ಮವನ್ನು ಒಂದು ಕೈಯಿಂದ ಒತ್ತಿಹಿಡಿದು, ಮೆಲ್ಲಗೆ ಸುಲಿಯಿರಿ. ಸರ್ರೆಂದು ಎಳೆಯುವ ಶೂರತನ ಬೇಡ.

ಟೇಪಿನ ಕೆಲಸ ಇಷ್ಟೇ. ಉಳಿದದ್ದು ಓಟದ ಲೆಕ್ಕ, ನಿಜವಾದ ಚಿಕಿತ್ಸೆ ಅಲ್ಲಿದೆ.

ಮೊದಲು ಅಂಜನಾದ್ರಿ ಬಿಡಿ. ಹನುಮಪ್ಪನ ದರ್ಶನಕ್ಕೆ ನಿಧಾನವಾಗಿ ಹೋಗಿ ಬನ್ನಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಆ 575 ಮೆಟ್ಟಿಲುಗಳನ್ನು ಓಡುತ್ತಾ ಇಳಿಯುವುದು ಈಗ ಬೇಡ. ಹತ್ತುವಾಗ ಉಸಿರು ಕಟ್ಟುತ್ತದೆ, ಇಳಿಯುವಾಗ ಎಲುಬು ಸೊರಗುತ್ತದೆ. ಜನ ಹತ್ತಿದ್ದನ್ನಷ್ಟೇ ವ್ಯಾಯಾಮ ಅಂತ ಎಣಿಸುತ್ತಾರೆ.

ಎರಡು ವಾರ ಓಟವನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಅದೂ ದಿನ ಬಿಟ್ಟು ದಿನ. ಒಂದು ನಿಮಿಷ ನಿಧಾನ ಓಟ, ಒಂದು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ಅಳತೆಗೋಲು ನೋವೇ. ಹತ್ತಕ್ಕೆ ಎರಡರಷ್ಟು ನೋವು ಓಡುವಾಗ ಇದ್ದರೆ ಚಿಂತೆಯಿಲ್ಲ. ಅದಕ್ಕಿಂತ ಜಾಸ್ತಿಯಾದರೆ, ಅಥವಾ ಮರುದಿನ ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟಾಗ ನೋವು ಉಳಿದಿದ್ದರೆ, ಓಟವನ್ನು ಇನ್ನೂ ಕಡಿಮೆ ಮಾಡಿ. ಈ ಬೆಳಗಿನ ಪರೀಕ್ಷೆಯನ್ನು ಟೇಪ್ ಇಲ್ಲದೆ ಮಾಡಿ. ಟೇಪ್ ಇದ್ದರೆ ಲೆಕ್ಕ ತಪ್ಪುತ್ತದೆ. ನಡುವಿನ ದಿನಗಳಲ್ಲಿ ಸೈಕಲ್ ಹೊಡೆಯಿರಿ, ದಮ್ಮು ಕಡಿಮೆಯಾಗುವುದಿಲ್ಲ.

ನೆಲವನ್ನೂ ನೋಡಿ. ದಿನಾ ಡಾಂಬರಿನ ಮೇಲೆ ಓಡುವುದಕ್ಕಿಂತ ಕಾಲೇಜು ಮೈದಾನದ ಮಣ್ಣು ವಾಸಿ. ಬೇಸಿಗೆಯಲ್ಲಿ ಬಿರಿದ ಎರೆ ಹೊಲ ಮಾತ್ರ ಬೇಡ, ಕಾಲು ಹೊರಳುತ್ತದೆ. ಮೈದಾನದಲ್ಲಿ ಯಾವಾಗಲೂ ಒಂದೇ ದಿಕ್ಕಿಗೆ ಸುತ್ತಬೇಡಿ, ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಅಟ್ಟೆ ಸವೆದ ಕ್ಯಾನ್ವಾಸ್ ಶೂ ಇದ್ದರೆ ಟೇಪಿನ ದುಡ್ಡನ್ನು ಶೂಗೆ ಹಾಕಿ. ಒದ್ದೆ ಕಾಲಲ್ಲಿ ಬಂಡೆ ಮೇಲೆ ನಿಂತರೆ ಪಾದದ ಗುರುತು ಕಮಾನಿಲ್ಲದೆ ಪೂರ್ತಿ ಬರುತ್ತದಾ ನೋಡಿ. ಹಾಗಿದ್ದರೆ ಶೂ ಒಳಗೆ ಕಮಾನಿಗೆ ಆಸರೆ ಕೊಡುವ ಇನ್ಸೋಲ್ ಹಾಕಿದರೆ ಅನುಕೂಲ.

ಹೆಜ್ಜೆ ಚಿಕ್ಕದು ಮಾಡಿ. ಉದ್ದ ಹೆಜ್ಜೆ ಹಾಕಿ ಹಿಮ್ಮಡಿ ಬಡಿದು ಓಡುವವರಿಗೆ ಪೆಟ್ಟು ಜಾಸ್ತಿ. ಅದೇ ವೇಗದಲ್ಲಿ ನಿಮಿಷಕ್ಕೆ ಹತ್ತು ಹೆಜ್ಜೆ ಜಾಸ್ತಿ ಹಾಕಿದರೂ ಎಲುಬಿಗೆ ಹಗುರ.

ವ್ಯಾಯಾಮ ಮೂರೇ ಸಾಕು. ಮೆಟ್ಟಿಲಿನ ಅಂಚಿನಲ್ಲಿ ಮುಂಪಾದ ಊರಿ ಹಿಮ್ಮಡಿ ಎತ್ತಿ ಇಳಿಸುವುದು, ಮೊಣಕಾಲು ನೆಟ್ಟಗಿಟ್ಟು. ಅದನ್ನೇ ಮೊಣಕಾಲು ಸ್ವಲ್ಪ ಮಡಿಸಿ. ಇದು ಒಳಗಿನ ಸೋಲಿಯಸ್ ಸ್ನಾಯುವಿಗೆ, ಜಾಸ್ತಿ ಮುಖ್ಯವಾದದ್ದು ಇದೇ, ಎಲ್ಲರೂ ಬಿಡುವುದೂ ಇದನ್ನೇ. ಮೂರನೆಯದು ಗೋಡೆಗೆ ಒರಗಿ ನಿಂತು ಹಿಮ್ಮಡಿ ಊರಿ ಬೆರಳುಗಳನ್ನು ಎತ್ತುವುದು. ಒಂದೊಂದೂ ಹದಿನೈದರಂತೆ ಮೂರು ಸಲ, ದಿನ ಬಿಟ್ಟು ದಿನ. ಸುಲಭವಾದ ಮೇಲೆ ಒಂಟಿ ಕಾಲಲ್ಲಿ, ಆಮೇಲೆ ಬೆನ್ನಿನ ಬ್ಯಾಗಿನಲ್ಲಿ ಐದು ಕೆಜಿ ಅಕ್ಕಿ ಹಾಕಿಕೊಂಡು. ಗಂಗಾವತಿಯವರಿಗೆ ಅಕ್ಕಿಗೇನು ಬರ? ನೋವಿದ್ದ ಸಂಜೆ ಹತ್ತು ಹದಿನೈದು ನಿಮಿಷ ಐಸನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಹಾಯೆನಿಸುತ್ತದೆ. ಎಲುಬಿನ ಮೇಲೆಯೇ ಗಟ್ಟಿಯಾಗಿ ತಿಕ್ಕಿಸಬೇಡಿ.

ಫಿಸಿಕಲ್‌ಗೆ ಇನ್ನೂ ಎರಡು ತಿಂಗಳಿದೆ ಅಂತ ಬರೆದಿದ್ದೀರಿ. ಅಷ್ಟು ಸಮಯ ಸಾಲುತ್ತದೆ. 1600 ಮೀಟರಿಗೆ 6 ನಿಮಿಷ 30 ಸೆಕೆಂಡ್ ಅಂದರೆ 400 ಮೀಟರಿನ ಒಂದು ಸುತ್ತಿಗೆ 97.5 ಸೆಕೆಂಡ್. ಕಷ್ಟಪಟ್ಟು ಮುಟ್ಟಬೇಕಾದ ವೇಗ ಹೌದು, ದಿನವೂ ಪೂರ್ತಿ 1600 ಓಡಿ ನೋಡಬೇಕಾದ ವೇಗ ಅಲ್ಲ. ನೋವಿಲ್ಲದೆ ಇಪ್ಪತ್ತು ನಿಮಿಷ ಸತತವಾಗಿ ಓಡುವಂತಾದ ಮೇಲೆ ವಾರಕ್ಕೆ ಒಂದು ದಿನ ಒಂದೊಂದೇ ಸುತ್ತನ್ನು ಆ ವೇಗದಲ್ಲಿ ಓಡಿ, ನಡುವೆ ನಡೆಯಿರಿ. ಪೂರ್ತಿ ದೂರದ ಟ್ರಯಲ್ ಕೊನೆಯ ವಾರಗಳಲ್ಲಿ ಒಂದೋ ಎರಡೋ ಸಾಕು.

ಫಿಸಿಕಲ್ ದಿನ ಟೇಪ್ ಹಚ್ಚುವ ಆಸೆಯಿದ್ದರೆ ಮೊದಲು ಅಭ್ಯಾಸದಲ್ಲಿ ಹಚ್ಚಿ ಓಡಿ ನೋಡಿ. ಅವತ್ತೇ ಮೊದಲ ಸಲ ಬೇಡ. ಟೇಪಿನ ಜೊತೆಗೆ ಯಾರಾದರೂ ನೋವಿನ ಇಂಜೆಕ್ಷನ್ ಚುಚ್ಚಿಸಿಕೋ ಅಂದರೆ ಕೇಳಬೇಡಿ. ಬಿರುಕಿದ್ದ ಎಲುಬು ಎರಡನೇ ಸುತ್ತಿನಲ್ಲಿ ಪೂರ್ತಿ ಮುರಿದರೂ ಆಶ್ಚರ್ಯವಿಲ್ಲ, ಆಗ ಈ ಸಲದ ಭರ್ತಿಯ ಜೊತೆಗೆ ಮುಂದಿನ ಸಲದ್ದೂ ಹೋಗುತ್ತದೆ. ಹೆಬ್ಬೆರಳಿನ ಪರೀಕ್ಷೆ ಇವತ್ತೇ ಮಾಡಿ, ನೋವು ಹರಡಿದೆಯಾ ಒಂದೇ ಬಿಂದುವಿನಲ್ಲಿದೆಯಾ ತಿಳಿಸಿ. ಅದರ ಮೇಲೆ ವಾರವಾರದ ಓಟದ ಲೆಕ್ಕ ಹಾಕಿಕೊಡುತ್ತೇನೆ.