ಪ್ರಿವ್ಯೂನಲ್ಲಿ ತೂತುಗಳೇ ಇಲ್ಲದಿದ್ದರೆ ಆರ್ಡರ್ ಮಾಡಬೇಡಿ

ಕೀಕ್ಯಾಡ್ ಅನ್ನುವ ಸರ್ಕ್ಯೂಟ್ ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಮಾಡಿದ ಎರಡು ಲೇಯರ್ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಬೋರ್ಡ್, ಬೋರ್ಡ್ ತಯಾರಿಸುವವರ ಸೈಟಿಗೆ ಅಪ್‌ಲೋಡ್ ಮಾಡಿದರೆ ಪ್ರಿವ್ಯೂನಲ್ಲಿ ತೂತುಗಳೇ ಕಾಣುತ್ತಿಲ್ಲ, ಹಾಗೇ ಆರ್ಡರ್ ಮಾಡಬಹುದಾ ಅಂತ ಕೇಳಿದ್ದೀರಿ. ಬೇಡ, ಸ್ವಲ್ಪ ತಡೆಯಿರಿ. ನಿಮ್ಮ ಜಿಪ್‌ನಲ್ಲಿ ಡ್ರಿಲ್ ಫೈಲ್, ಅಂದರೆ ಎಲ್ಲೆಲ್ಲಿ ತೂತು ಕೊರೆಯಬೇಕು ಅಂತ ಹೇಳುವ ಫೈಲ್, ಇಲ್ಲ ಅನ್ನಿಸುತ್ತೆ. ಕೀಕ್ಯಾಡ್‌ನಲ್ಲಿ ಪ್ಲಾಟ್ ಒತ್ತಿದರೆ ಬರುವುದು ಒಂದೊಂದು ಲೇಯರ್‌ನ ಚಿತ್ರ ಇರುವ ಗರ್ಬರ್ ಫೈಲ್‌ಗಳು ಮಾತ್ರ. ಅದೇ ವಿಂಡೋದಲ್ಲಿ 'ಜನರೇಟ್ ಡ್ರಿಲ್ ಫೈಲ್ಸ್' ಅಂತ ಬೇರೆ ಬಟನ್ ಇದೆ. ಅದನ್ನೂ ಒತ್ತಿ, ಬಂದ ಡಿಆರ್‌ಎಲ್ ಫೈಲ್‌ಗಳನ್ನು ಗರ್ಬರ್ ಜೊತೆಗೇ ಜಿಪ್ ಮಾಡಿ. ಕಳಿಸುವ ಮೊದಲು ಕೀಕ್ಯಾಡ್ ಜೊತೆಗೇ ಬರುವ ಗರ್ಬ್‌ವ್ಯೂನಲ್ಲಿ ಈ ಫೈಲ್‌ಗಳನ್ನು ತೆರೆದು, ಪ್ರತಿ ತೂತೂ ಪ್ಯಾಡ್‌ನ (ಬೆಸುಗೆ ಹಾಕುವ ತಾಮ್ರದ ಜಾಗ) ನಡುವೆ ಕೂತಿದೆಯಾ ನೋಡಿ. ಬೋರ್ಡಿನ ಅಂಚು ಬರುವುದು ಎಡ್ಜ್ ಕಟ್ಸ್ ಲೇಯರ್‌ನಿಂದ, ಅದೂ ಜಿಪ್‌ನಲ್ಲಿ ಇರಲಿ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳ್ತೀನಿ. ರಿಲೇಯಲ್ಲಿ 5 ಆಂಪಿಯರ್ ಹರಿಯುವುದಾದರೆ 0.25 ಮಿ.ಮೀ. ಅಗಲದ ಟ್ರೇಸ್ (ಬೋರ್ಡಿನ ಮೇಲಿನ ತಾಮ್ರದ ಗೆರೆ) ಏನೇನೂ ಸಾಲದು. ಮಾಮೂಲಿ 35 ಮೈಕ್ರಾನ್ ದಪ್ಪದ ತಾಮ್ರಕ್ಕೆ 3 ಮಿ.ಮೀ. ಅಗಲ ಆದರೂ ಬೇಕು. 230 ವೋಲ್ಟ್ ಕಡೆಯ ಟ್ರೇಸ್‌ಗಳನ್ನು ಕಂಟ್ರೋಲ್ ಕಡೆಯಿಂದ ದೂರವೇ ಇಡಿ.

ಉಳಿದಂತೆ 1.6 ಮಿ.ಮೀ. ದಪ್ಪ, ಸೀಸ ಇಲ್ಲದ ಎಚ್‌ಎಎಸ್‌ಎಲ್ ಫಿನಿಶ್ (ತಾಮ್ರದ ಮೇಲೆ ಬೆಸುಗೆ ಲೋಹದ ಲೇಪನ) ಸಾಕು. ಚಿನ್ನದ ಲೇಪನಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಚೀನಾದಿಂದ ತರಿಸಿದರೆ ಬೋರ್ಡಿಗಿಂತ ಕೊರಿಯರ್ ಖರ್ಚೇ ಜಾಸ್ತಿ ಆಗುವುದುಂಟು, ಮೇಲೆ ಕಸ್ಟಮ್ಸ್ ಬೇರೆ. ಎಲ್ಲ ಸೇರಿಸಿ ಲೆಕ್ಕ ಹಾಕಿ, ಇಲ್ಲಿನವರ ರೇಟನ್ನೂ ಒಮ್ಮೆ ಕೇಳಿ.