ಮಾತ್ರೆ ಯಾರು ನುಂಗಬೇಕು?

ಪತ್ರ: ಆಸ್ತಿ ಪಾಲಿನ ದಿನ ಅಣ್ಣ ನೆಂಟರೆಲ್ಲರ ಎದುರು ಕೆನ್ನೆಗೆ ಹೊಡೆದ. ವರ್ಷಗಳಾದರೂ ಮರೆಯಲಾಗುತ್ತಿಲ್ಲ. ಕಹಿ ನೆನಪು ಅಳಿಸುವ ಮಾತ್ರೆ ಬಂದಿದೆಯಂತೆ. ತೆಗೆದುಕೊಳ್ಳಬಹುದೇ?
ಒಬ್ಬ ಓದುಗ, ತುಮಕೂರು ಜಿಲ್ಲೆ

ಉತ್ತರ: ಅಂಥ ಮಾತ್ರೆ ಇಲ್ಲ ಸ್ವಾಮಿ. ನೀವು ಕೇಳಿರುವುದು ಬಹುಶಃ ಪ್ರೊಪ್ರಾನೊಲಾಲ್ ಬಗ್ಗೆ. ಬಿಪಿಗೆ, ಎದೆಬಡಿತ ಇಳಿಸಲು ಕೊಡುವ ಹಳೇ ಔಷಧಿ ಅದು. ಕೆಟ್ಟ ಘಟನೆಯನ್ನು ನೆನಪಿಸಿಕೊಳ್ಳುವ ಹೊತ್ತಿಗೆ ಇದನ್ನು ಕೊಟ್ಟರೆ ಭಯ ತಗ್ಗುತ್ತದೆಯೇ ಎಂದು ಕೆನಡಾ, ಅಮೆರಿಕದ ವೈದ್ಯರು ನೋಡಿದ್ದಾರೆ. ಕೆಲವರಿಗೆ ತಗ್ಗಿತು, ಕೆಲವು ಪ್ರಯೋಗಗಳಲ್ಲಿ ಏನೂ ಆಗಲಿಲ್ಲ. ತಗ್ಗಿದವರಿಗೂ ಘಟನೆ ಮರೆತುಹೋಗಲಿಲ್ಲ. ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ, ಆಸ್ತಮಾ ಇದ್ದವರಿಗೆ ಅಪಾಯ.

ಈ ಆಸೆ ಜಾಸ್ತಿಯಾಗಿದ್ದು ಇಲಿಗಳಿಂದ. 2000ದಲ್ಲಿ ನ್ಯೂಯಾರ್ಕ್‌ನಲ್ಲಿ ಮಿದುಳು ವಿಜ್ಞಾನಿ ಕರೀಮ್ ನಾದೆರ್ ಮತ್ತು ಜೊತೆಗಾರರು ಒಂದು ಸದ್ದು ಕೇಳಿಸಿ ಇಲಿಗಳಿಗೆ ಶಾಕ್ ಕೊಟ್ಟರು. ಆಮೇಲೆ ಸದ್ದು ಕೇಳಿದರೆ ಸಾಕು, ಇಲಿಗಳು ಹೆದರಿ ಮರಗಟ್ಟುತ್ತಿದ್ದವು. ಇನ್ನೊಮ್ಮೆ ಸದ್ದು ಕೇಳಿಸಿ, ಕೂಡಲೇ ಮಿದುಳಿನಲ್ಲಿ ಭಯವನ್ನು ನೋಡಿಕೊಳ್ಳುವ ಅಮಿಗ್ಡಲಾ ಭಾಗಕ್ಕೆ, ನೆನಪು ಗಟ್ಟಿಯಾಗಲು ಬೇಕಾದ ಹೊಸ ಪ್ರೋಟೀನ್ ಆಗದಂತೆ ತಡೆಯುವ ಔಷಧಿ ಚುಚ್ಚಿದರು. ಮರುದಿನ ಹೆದರಿಕೆ ಬಹುಪಾಲು ಇಳಿದಿತ್ತು. ಸದ್ದು ಕೇಳಿಸದೆ ಚುಚ್ಚಿದ ಇಲಿಗಳಲ್ಲಿ ಹೆದರಿಕೆ ಮೊದಲಿನಂತೆಯೇ ಇತ್ತು. ಅಂದರೆ ನೆನಪಿಸಿಕೊಂಡಾಗ ನೆನಪು ಸಡಿಲವಾಗುತ್ತದೆ, ಮತ್ತೆ ಗಟ್ಟಿಯಾಗಬೇಕಾಗುತ್ತದೆ.

ಯುದ್ಧದಲ್ಲಿ, ಅತ್ಯಾಚಾರದಲ್ಲಿ ನಲುಗಿ ನಿದ್ದೆಗೆಟ್ಟವರಿಗೆ ಇದರಿಂದ ಏನಾದರೂ ಸಿಗುವುದಾದರೆ ಸಿಗಲಿ, ನನ್ನ ತಕರಾರಿಲ್ಲ. ಆದರೆ ನಿಮ್ಮ ಪತ್ರ ಓದಿ ಸಿಟ್ಟು ಬಂತು. ಸ್ವಲ್ಪ ನಿಮ್ಮ ಮೇಲೂ. ಹೊಡೆದವನು ಅಣ್ಣ, ಮಾತ್ರೆ ನಿಮಗಾ?

2003ರಲ್ಲಿ ವೈದ್ಯ ವಿಜ್ಞಾನದ ಸರಿ-ತಪ್ಪುಗಳ ಬಗ್ಗೆ ಅಮೆರಿಕ ಅಧ್ಯಕ್ಷರಿಗೆ ಸಲಹೆ ಕೊಡುವ ಮಂಡಳಿ ಈ ವಿಷಯ ಚರ್ಚಿಸಿತ್ತು. ಕೇಡು ಮಾಡಿದವರೇ ಇಂಥದ್ದನ್ನು ನುಂಗಿ ಪಶ್ಚಾತ್ತಾಪದಿಂದ ಪಾರಾದರೆ ಎಂಬುದು ಅವರ ಚಿಂತೆಗಳಲ್ಲಿ ಒಂದು. ನನಗೆ ಆ ಚಿಂತೆಯಿಲ್ಲ. ನಮ್ಮಲ್ಲಿ ಹೊಡೆದವರಿಗೆ ಮಾತ್ರೆಯೇ ಬೇಡ, ಊಟದ ಕೈ ತೊಳೆದಷ್ಟು ಸಲೀಸಾಗಿ ಮರೆಯುತ್ತಾರೆ. ‘ಹಳೇದೆಲ್ಲ ಬಿಟ್ಬಿಡು, ದೊಡ್ಡ ಮನಸ್ಸು ಮಾಡು’ ಎಂಬ ಬುದ್ಧಿಮಾತು ಬೀಳುವುದು ಪೆಟ್ಟು ತಿಂದ ಸೊಸೆಯ ಮೇಲೆ, ಪಾಲು ಕಳೆದುಕೊಂಡ ತಂಗಿಯ ಮೇಲೆ. ಮೊದಲು ಪಂಚಾಯ್ತಿ ಕಟ್ಟೆಯಲ್ಲಿ ಹೇಳುತ್ತಿದ್ದರು, ಈಗ ಆಫೀಸುಗಳಲ್ಲೂ ಹೇಳುತ್ತಾರೆ. ಆ ಸೊಸೆಯೇ ಕೋರ್ಟಿಗೆ ಹೋದರೆ ಕೇಸು ವರ್ಷಗಟ್ಟಲೆ ಎಳೆಯುತ್ತದೆ. ಕೊನೆಗೆ ಎದುರಿನ ವಕೀಲರು, ‘ಅವತ್ತು ಅವರು ಯಾವ ಬಣ್ಣದ ಅಂಗಿ ಹಾಕಿದ್ದರು, ನೆನಪಿದೆಯೇನಮ್ಮಾ?’ ಅನ್ನುತ್ತಾರೆ. ಮನೆಯಲ್ಲಿ ಮರೆಯಬೇಕು, ಕಟಕಟೆಯಲ್ಲಿ ಅಂಗಿಯ ಬಣ್ಣವೂ ನೆನಪಿರಬೇಕು. ಚೆನ್ನಾಗಿದೆ, ಅಲ್ವಾ?

ಅಂದಹಾಗೆ, ಅಷ್ಟು ಜನ ನೆಂಟರಲ್ಲಿ ಒಬ್ಬರಾದರೂ ನಿಮ್ಮಣ್ಣನ ಕೈ ಹಿಡಿದರೇ? ಅದನ್ನು ನೀವು ಬರೆದಿಲ್ಲ. ಬರೆಯಿರಿ, ಪ್ರಕಟಿಸುತ್ತೇನೆ.