ಅಮೆರಿಕದ ಗಿಟಾರ್ ವಾದಕ ಚೆಟ್ ಅಟ್ಕಿನ್ಸ್ ಅವರ 'ಅಲೋನ್' ಆಲ್ಬಮ್‌ನಂತೆ ಒಬ್ಬನೇ ಗಿಟಾರ್ ನುಡಿಸಲು ಯಾವ ಗಿಟಾರ್ ಕೊಳ್ಳಬೇಕು, ಯಾವ ಟ್ಯಾಬ್‌ನಿಂದ (ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ತೋರಿಸುವ ಬರಹದಿಂದ) ಆರಂಭಿಸಬೇಕು?

ಎಂಟು ವರ್ಷಗಳ ಹಿಂದೆ ನನ್ನ ಪ್ರಶ್ನೆಯೂ ಇದೇ ಆಗಿತ್ತು. 1973ರ ಆ ಆಲ್ಬಮ್ ಮೊದಲ ಸಲ ಕೇಳಿದಾಗ ಎರಡು ಗಿಟಾರ್‌ಗಳು ಕೂಡಿ ನುಡಿಯುತ್ತಿವೆ ಎಂದೇ ನಂಬಿದ್ದೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ, ಆರ್‌ಸಿಎ ಎಂಬ ಧ್ವನಿಮುದ್ರಣ ಸಂಸ್ಥೆಯ ಸ್ಟುಡಿಯೋದಲ್ಲಿ, ಅಲ್ಲಿನ ಹಳ್ಳಿಸೊಗಡಿನ ಕಂಟ್ರಿ ಹಾಡುಗಳಿಗೆ ಪಿಟೀಲು ವೃಂದವನ್ನೂ ಹಿನ್ನೆಲೆಯ ಗಾಯಕರನ್ನೂ ಕೂಡಿಸಿ ಹೊಸ ನಾದವೊಂದನ್ನು ರೂಪಿಸಿದ್ದ ಅಟ್ಕಿನ್ಸ್, ಐವತ್ತರ ಹೊಸ್ತಿಲಲ್ಲಿ ಅದೆಲ್ಲವನ್ನೂ ಬದಿಗಿಟ್ಟು ಒಬ್ಬರೇ ಕುಳಿತು ನುಡಿಸಿದ್ದಾರೆ ಎಂದು ತಿಳಿದ ದಿನ ನಾನು ಟ್ಯಾಬ್ ಹುಡುಕತೊಡಗಿದೆ.

ತಪ್ಪು ಅಲ್ಲಿಯೇ ಆಯಿತು. ಹಾಡಿನ ಧಾಟಿಯನ್ನು ಮೊದಲು ಬೆರಳುಗಳಲ್ಲಿ ಕೂರಿಸಿಕೊಂಡು, ಹೆಬ್ಬೆರಳು ದಪ್ಪ ತಂತಿಗಳಲ್ಲಿ ನುಡಿಸುವ ತಗ್ಗುಸ್ವರವನ್ನು, ಅಂದರೆ ಬೇಸ್ ಅನ್ನು, ಆಮೇಲೆ ಸೇರಿಸಿದರಾಯಿತು ಎಂದುಕೊಂಡೆ. ಧಾಟಿ ತಾಳವನ್ನು ಬಿಟ್ಟು ತುಸು ಮುಂಚೆಯೋ ತಡವಾಗಿಯೋ ಬಂದಾಗಲೆಲ್ಲ ನನ್ನ ಹೆಬ್ಬೆರಳು ಅದರ ಹಿಂದೆಯೇ ಓಡುತ್ತಿತ್ತು, ಇಲ್ಲವೇ ಅದಕ್ಕಾಗಿ ಕಾದು ನಿಲ್ಲುತ್ತಿತ್ತು. ಈ ಶೈಲಿಯಲ್ಲಿ ಹೆಬ್ಬೆರಳು ಯಾರಿಗೂ ಕಾಯುವಂತಿಲ್ಲ. ಅದು ತಬಲಾದವರ ಠೇಕಾದಂತೆ ನಡೆಯುತ್ತಲೇ ಇರಬೇಕು, ಧಾಟಿ ಅದರ ಮೇಲೆ ಬಂದು ಕೂರಬೇಕು. ಬೆರಳುಗಳು ಒಮ್ಮೆ ಹೆಬ್ಬೆರಳನ್ನು ಎಳೆದಾಡುವ ಅಭ್ಯಾಸ ಮಾಡಿಕೊಂಡರೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ನನಗೆ ಪೂರ್ತಿ ಎರಡು ವರ್ಷ ಹಿಡಿಯಿತು. ಇದರ ಜೊತೆಗೆ, ಬಲ ಅಂಗೈಯ ಅಂಚನ್ನು ಬ್ರಿಡ್ಜ್‌ನ (ಗಿಟಾರ್‌ನ ಒಡಲ ಮೇಲೆ ತಂತಿಗಳು ಒರಗುವ ಪಟ್ಟಿಯ) ಬಳಿ ದಪ್ಪ ತಂತಿಗಳ ಮೇಲೆ ಹಗುರವಾಗಿ ಒರಗಿಸಿ ಅವುಗಳ ನಾದವನ್ನು ಮೊಟಕುಗೊಳಿಸಬೇಕೆಂಬುದನ್ನು ಟ್ಯಾಬ್ ನೋಡಿ ಕಲಿತ ನಾನು ಗಮನಿಸಿರಲೇ ಇಲ್ಲ, ಹಾಗಾಗಿ ಬೇಸ್ ಗುಂಯ್‌ಗುಡುತ್ತ ಧಾಟಿಯನ್ನೇ ಮುಳುಗಿಸುತ್ತಿತ್ತು. ಎರಡು ಗಿಟಾರ್‌ಗಳೆಂಬ ಭ್ರಮೆ ಹುಟ್ಟುವುದೇ ಕೆಳಗಿನ ಮೊಟಕು ನಾದ ಮತ್ತು ಮೇಲಿನ ತೆರೆದ ನಾದದ ಈ ಅಂತರದಿಂದ.

ಯಾವ ಟ್ಯಾಬ್ ಎಂಬ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಅಟ್ಕಿನ್ಸ್ ಅವರೇ ಹದಿಹರೆಯದಲ್ಲಿ ಕೆಂಟುಕಿಯ ಗಿಟಾರ್ ವಾದಕ ಮರ್ಲ್ ಟ್ರಾವಿಸ್ ಅವರ ವಾದನವನ್ನು ರೇಡಿಯೋದಲ್ಲಿ ಕೇಳಿ ಕಲಿತವರು. ಟ್ರಾವಿಸ್ ನುಡಿಸುತ್ತಿದ್ದುದು ಮುಖ್ಯವಾಗಿ ಹೆಬ್ಬೆರಳು ಮತ್ತು ತೋರುಬೆರಳಿನಿಂದ. ಕಣ್ಣಿಗೆ ಕಾಣದ ಆ ಕೈಯನ್ನು ಊಹಿಸಿಕೊಳ್ಳುತ್ತ ಅಟ್ಕಿನ್ಸ್ ಇನ್ನಷ್ಟು ಬೆರಳುಗಳನ್ನು ಬಳಸತೊಡಗಿದರು, ಅದೇ ಅವರ ಶೈಲಿಯಾಯಿತು. ಕಾಗದದ ಮೇಲೆ ಪ್ರತಿ ಬೆರಳಿನ ಜಾಗವೂ ಸಿಕ್ಕಿದ್ದರೆ ಅವರು ಟ್ರಾವಿಸ್ ಅವರ ಒಳ್ಳೆಯ ಅನುಕರಣೆಯಾಗಿ ಉಳಿದುಬಿಡುತ್ತಿದ್ದರೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಗಿಟಾರ್ ಈಗಿರುವುದೇ ಸಾಕು. ಹೊಸ ತಂತಿ ಹಾಕಿಸಿ, ಹೆಬ್ಬೆರಳಿಗೆ ತೊಟ್ಟು ತಂತಿ ಮೀಟುವ ಒಂದು ಥಂಬ್ ಪಿಕ್ ಕೊಳ್ಳಿ. ಇ ಮೇಜರ್ ಕಾರ್ಡ್ ಹಿಡಿದು, ಅಂಗೈಯ ಅಂಚನ್ನು ಒರಗಿಸಿ, ಆರನೆಯ ಮತ್ತು ನಾಲ್ಕನೆಯ ತಂತಿಗಳನ್ನು ಒಂದಾದ ಮೇಲೊಂದರಂತೆ ಹೆಬ್ಬೆರಳಿನಿಂದ ಮಾತ್ರ ಮೀಟುತ್ತಿರಿ. ಅದು ನಿಲ್ಲದಂತೆ ಮನೆಯವರೊಂದಿಗೆ ಮಾತನಾಡಲು ಸಾಧ್ಯವಾಗುವವರೆಗೆ ಮೊದಲನೆಯ ತಂತಿಯನ್ನು ಮುಟ್ಟಬೇಡಿ. ನನಗೆ ಅದಕ್ಕೆ ಮೂರು ತಿಂಗಳು ಬೇಕಾಯಿತು.